ಗಣಿ ದಾರಿಯಲ್ಲಿ ಗಾಡಿ ಓಡಿಸುವವರಿಗೆ

ಮಾನ್ಯ ಸಂಪಾದಕರೇ,

ರಜೆ ಸಿಕ್ಕರೆ ಇಲ್ಲಿನ ನಮ್ಮ ಕನ್ನಡದ ಗೆಳೆಯರು ವೆಸ್ಟ್ ವರ್ಜೀನಿಯಾದ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್ಸ್‌ಗೆ ಹೊರಡುತ್ತಾರೆ. ಕಲ್ಲಿದ್ದಲು, ಮರ ಸಾಗಿಸುತ್ತಿದ್ದ ಹಳೆಯ ದಾರಿಗಳು 2000ದಿಂದ ಎಟಿವಿ (ಕಚ್ಚಾ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿ), ಡರ್ಟ್ ಬೈಕ್‌ಗಳಿಗೆ ತೆರೆದಿವೆ. 1,000 ಮೈಲಿಗೂ ಜಾಸ್ತಿ ದಾರಿ. ಪರ್ಮಿಟ್ ಬೇಕು, ಹೆಲ್ಮೆಟ್ ಕಡ್ಡಾಯ. ಜಾಗ ಬಹುಪಾಲು ಖಾಸಗಿಯವರದ್ದು. ಗುರುತು ಹಾಕಿದ ದಾರಿ ಬಿಟ್ಟು ನಾಲ್ಕು ಜನ ಗುಡ್ಡಕ್ಕೆ ನುಗ್ಗಿದರೆ ಎಲ್ಲರಿಗೂ ಗೇಟು ಬೀಳಬಹುದು, ಅಲ್ವಾ?

ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ಈ ದಾರಿಗಳಿಂದ ಮೇಟ್‌ವಾನ್ ಊರಿನ ಬೀದಿಗೆ ಎಟಿವಿಯಲ್ಲೇ ಬರಬಹುದು. ಬಂದವರು ಊಟ ಮಾಡಿ ಸುಮ್ನೆ ಹೊರಟುಬಿಡುತ್ತಾರೆ. ಯೂನಿಯನ್ ಸೇರಿದ ಗಣಿ ಕಾರ್ಮಿಕರನ್ನು ಮನೆಯಿಂದ ಹೊರಹಾಕಲು ಬಂದ ಖಾಸಗಿ ಪತ್ತೇದಾರರಿಗೂ ಊರಿನವರಿಗೂ ಗುಂಡಿನ ಕಾಳಗ ನಡೆದದ್ದು ಇಲ್ಲೇ, 1920ರ ಮೇ 19ರಂದು. ಮೇಯರ್ ಸೇರಿ 10 ಜನ ಸತ್ತರು. ಮರುವರ್ಷ ಬ್ಲೇರ್ ಬೆಟ್ಟದಲ್ಲಿ ಸುಮಾರು 10,000 ಕಾರ್ಮಿಕರು ಬಂದೂಕು ಹಿಡಿದರು. ಈ ಹೋರಾಟಗಳ ಮ್ಯೂಸಿಯಂ ಮೇಟ್‌ವಾನ್‌ನಲ್ಲೇ ಇದೆ.

ನಿಮ್ಮ ಪ್ರವಾಸ ಪುಟದಲ್ಲಿ ಈ ಟ್ರೇಲ್‌ಗಳ ಬಗ್ಗೆ ಬರೆಯುವುದಾದರೆ, ದಯವಿಟ್ಟು ಆ ಮ್ಯೂಸಿಯಂ ಬಗ್ಗೆಯೂ ನಾಲ್ಕು ಸಾಲು ಹಾಕಿ.

– ಒಬ್ಬ ಓದುಗ, ಒಹಾಯೊ, ಅಮೆರಿಕ