ರೇಡ್ 5 ಕೇಳಿದವಳಿಗೆ ರೇಡ್ 0 ಹಾಕಿಕೊಟ್ಟ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಆರು ಸಲ ಫೋನ್ ಮಾಡಿದ್ದಾಯಿತು. ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಮೊದಲಿಂದ ಹೇಳಬೇಕು. ಇನ್ನು ಏನಿದ್ದರೂ ಬರವಣಿಗೆಯಲ್ಲೇ ಆಗಲಿ.

4 ಟಿಬಿಯ ನಾಲ್ಕು ಡಿಸ್ಕ್ ಹಾಕಿ ರೇಡ್ 5 ಮಾಡಿಕೊಡಿ ಎಂದು ಕೇಳಿದ್ದೆ. ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕಿನ ಹಾಗೆ ಜೋಡಿಸುವುದು. ಆರ್ಡರ್‌ನಲ್ಲೂ ಹಾಗೇ ಇದೆ. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲಬಾರದು, ಅಷ್ಟೇ ನನಗೆ ಬೇಕಿದ್ದದ್ದು. ನಿಮ್ಮ ಟೆಕ್ನಿಷಿಯನ್ ಬಂದು ಅರ್ಧ ಗಂಟೆಯಲ್ಲಿ ಮುಗಿಸಿದರು. ವಿಂಡೋಸ್‌ನಲ್ಲಿ 14.5 ಟಿಬಿ ತೋರಿಸುತ್ತಿತ್ತು. ರೇಡ್ 5 ಆಗಿದ್ದರೆ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಕೆಟ್ಟ ಡಿಸ್ಕಿನ ಡೇಟಾ ಮರಳಿ ಪಡೆಯಲು ಇಡುವ ಮಾಹಿತಿಗೆ, ಹೋಗಿ 12 ಟಿಬಿ ಉಳಿಯಬೇಕು, ವಿಂಡೋಸ್ ಲೆಕ್ಕದಲ್ಲಿ ಅದು ಸುಮಾರು 10.9. ಜಾಸ್ತಿ ಯಾಕೆ ತೋರಿಸುತ್ತಿದೆ ಎಂದು ಅವತ್ತೇ ಕೇಳಿದೆ. "ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವಾ ಮೇಡಂ" ಅಂದರು. ನಂಬಿದೆ.

ಹೋದ ಮಂಗಳವಾರ ಮೂರನೇ ಡಿಸ್ಕ್ ಕೆಟ್ಟಿತು. ಫೋನ್ ಮಾಡಿದೆ.

"ಹೊಸ ಡಿಸ್ಕ್ ಹಾಕಿ, ತಾನೇ ರೀಬಿಲ್ಡ್ ಆಗುತ್ತೆ, ಕೆಟ್ಟದ್ರಲ್ಲಿದ್ದ ಡೇಟಾ ಅದ್ರಲ್ಲಿ ಮತ್ತೆ ತುಂಬುತ್ತೆ."

ಇಲ್ಲಿ ರೀಬಿಲ್ಡ್ ಅಂತ ಏನೂ ಕಾಣ್ತಿಲ್ಲ ಅಂದೆ.

"ಸರಿಯಾಗಿ ನೋಡಿ. ಮನೇಲಿ ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಇದ್ರೆ ಫೋನ್ ಕೊಡಿ."

ಹನ್ನೊಂದು ವರ್ಷದಿಂದ ವಿಡಿಯೊ ಎಡಿಟಿಂಗ್ ಮಾಡಿ ಬದುಕುತ್ತಿರುವವಳು ನಾನು. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರೋಳು ನಾನೇ ಎಂದೆ. ಹಾಗಾದರೆ ಪರದೆ ಮೇಲೆ ಇರೋದನ್ನು ಒಂದೊಂದೇ ಅಕ್ಷರ ಓದಿ ಎಂದರು, ಒಂದನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ. ಓದಿದೆ. ಆರ್, ಎ, ಐ, ಡಿ, ಸೊನ್ನೆ. ಫೇಲ್ಡ್. ಆ ಕಡೆ ಮಾತೇ ಇಲ್ಲ. ಆಮೇಲೆ 22 ನಿಮಿಷ ಹೋಲ್ಡ್. ವಾಪಸ್ ಬಂದು ಹೇಳಿದ್ದು ಇಷ್ಟು: "ರೇಡ್ 0 ಅಂದ್ಮೇಲೆ ರೀಬಿಲ್ಡ್ ಇರಲ್ಲ ಮೇಡಂ, ಅದನ್ನ ನೀವೇ ನೋಡ್ಕೋಬೇಕಿತ್ತು. ಅಷ್ಟಕ್ಕೂ ರೇಡ್ ಅಂದ್ರೆ ಬ್ಯಾಕಪ್ ಅಲ್ಲ."

ಕೊನೆಯ ಮಾತು ನಿಜ. ಬ್ಯಾಕಪ್ ಇಟ್ಟಿದ್ದೇನೆ, 19 ದಿನ ಹಳೆಯದು. ಹೋಗಿದ್ದು ಆ 19 ದಿನದ ದುಡಿಮೆ. ಕೇಳಿದ್ದನ್ನು ಹಾಕಿಕೊಟ್ಟಿದ್ದರೆ ಅದೂ ಉಳಿಯುತ್ತಿತ್ತು.

ಈಗ ನಿಮ್ಮದೇ ಜಾಬ್ ಶೀಟ್ ತೆಗೆದು ನೋಡಿ. ಐದನೇ ಸಾಲು: ಒಂದು ಡಿಸ್ಕ್ ಹೊರತೆಗೆದು, ಡೇಟಾ ಓದಲು ಬರುತ್ತದೆಯೇ ಎಂದು ಪರೀಕ್ಷಿಸುವುದು. ಅಲ್ಲಿ ಟಿಕ್ ಇದೆ, ಕೆಳಗೆ ಸಹಿ ಇದೆ. ರೇಡ್ 0ನಲ್ಲಿ ಡೇಟಾ ನಾಲ್ಕೂ ಡಿಸ್ಕಿಗೆ ತುಂಡುತುಂಡಾಗಿ ಹಂಚಿಹೋಗಿರುತ್ತದೆ, ಒಂದನ್ನು ತೆಗೆದರೂ ಇಡೀ ಅರೇ, ಅಂದರೆ ನಾಲ್ಕೂ ಡಿಸ್ಕಿನ ಜೋಡಣೆ, ಅಲ್ಲೇ ಬಿದ್ದುಹೋಗುತ್ತದೆ. ಅಂದರೆ ಯಾರೂ ಡಿಸ್ಕ್ ತೆಗೆದು ನೋಡಿಲ್ಲ. ಸುಮ್ನೆ ಟಿಕ್ ಹಾಕಿದ್ದಾರೆ. ಕೈತಪ್ಪಿ ರೇಡ್ 0 ಒತ್ತಿದ್ದನ್ನು ಕ್ಷಮಿಸಬಹುದಿತ್ತು. ಈ ಸುಳ್ಳನ್ನು ಕ್ಷಮಿಸಲಾರೆ.

ಅರೇ ಮಾಡುವಾಗ ಇಟ್ಟ ಸ್ಟ್ರೈಪ್ ಸೈಜ್ (ಡೇಟಾದ ಒಂದೊಂದು ತುಂಡಿನ ಗಾತ್ರ) ಎಷ್ಟು, ಡಿಸ್ಕ್‌ಗಳ ಕ್ರಮ ಯಾವುದು, ಇವೆರಡನ್ನು ನಾಳೆಯೊಳಗೆ ಬರೆದು ಕಳಿಸಿ. ಡೇಟಾ ರಿಕವರಿಯವರು ಮೊದಲು ಕೇಳುವುದೇ ಅದನ್ನು. ರಿಕವರಿಯ ಪೂರ್ತಿ ಖರ್ಚು ನಿಮ್ಮದು. ಏಳು ದಿನದಲ್ಲಿ ಒಪ್ಪಿಗೆ ಬರದಿದ್ದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ಜಾಬ್ ಶೀಟ್ ಇದೆ, ಆರೂ ಕರೆಗಳ ರೆಕಾರ್ಡಿಂಗ್ ಇದೆ.

ವಾರಂಟಿಯಲ್ಲಿ ಹೊಸ ಡಿಸ್ಕ್ ಕೊಡುತ್ತೇವೆ, ಕೆಟ್ಟದ್ದನ್ನು ವಾಪಸ್ ಕಳಿಸಿ ಎಂದು ನಿನ್ನೆ ಮೆಸೇಜ್ ಹಾಕಿದ್ದೀರಿ. ಕಳಿಸುವುದಿಲ್ಲ. ನಾಲ್ಕಕ್ಕೂ ನಂಬರ್ ಅಂಟಿಸಿ ಬೀಗ ಹಾಕಿಟ್ಟಿದ್ದೇನೆ. ಅವು ಹೋದರೆ ರಿಕವರಿಯವರ ಹತ್ತಿರ ಹೋಗುತ್ತವೆ, ಇಲ್ಲವೇ ನ್ಯಾಯಾಲಯಕ್ಕೆ.