ಕ್ಲೌಡ್ ಟೆಂಡರಿನಲ್ಲಿ ಸಿದ್ಧತೆಗೂ ಒಂದು ಕಲಂ ಇರಲಿ

ಮಾನ್ಯ ಸಂಪಾದಕರೇ,

ಸಹಕಾರ ಸಂಘಗಳು, ಕಾಲೇಜುಗಳು, ಆಸ್ಪತ್ರೆಗಳು ತಮ್ಮ ಸರ್ವರ್ ಕೋಣೆಯಲ್ಲಿರುವ ವರ್ಚುವಲ್ ಮೆಷಿನ್‌ಗಳನ್ನು (ವಿಎಂ, ಅಂದರೆ ಒಂದೇ ಸರ್ವರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಹಲವು ಕಂಪ್ಯೂಟರುಗಳು) ಕ್ಲೌಡಿಗೆ ಸಾಗಿಸಲು ಟೆಂಡರ್ ಕರೆಯುತ್ತಿವೆ. ಅದಕ್ಕೆ ಕಾರಣಗಳೂ ಇವೆ. ಇಂಥ ವಿಎಂಗಳನ್ನು ನಡೆಸುವ ಸಾಫ್ಟ್‌ವೇರ್ ಮಾರುವ ವಿಎಂವೇರ್ ಕಂಪನಿ 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಪಾಲಾಯಿತು. ಮರುತಿಂಗಳೇ ಕಾಯಂ ಲೈಸೆನ್ಸ್ ಮಾರಾಟ ನಿಂತು ಚಂದಾ ಪದ್ಧತಿ ಬಂತು. ಅದರ ಸಾಫ್ಟ್‌ವೇರಾದ ವಿಸ್ಫಿಯರ್ 7ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 2ಕ್ಕೆ ಮುಗಿಯಿತು. ವಿಂಡೋಸ್ ಸರ್ವರ್ 2016ರ ಬೆಂಬಲಕ್ಕೆ 2027ರ ಜನವರಿ 12 ಕಡೆಯ ದಿನ. ಹೊರಡಬೇಕೆನ್ನುವುದರಲ್ಲಿ ತಪ್ಪಿಲ್ಲ, ತಪ್ಪಿರುವುದು ಟೆಂಡರ್ ಬರೆಯುವ ರೀತಿಯಲ್ಲಿ. ಇಷ್ಟು ಸರ್ವರ್, ಇಷ್ಟು ದಿನ, ಇಷ್ಟು ಹಣ ಎಂದು ಮೂರು ಕಲಂ ಬರೆದು ಕೈತೊಳೆದುಕೊಳ್ಳುತ್ತಾರೆ. ಸಿದ್ಧತೆಗೆ ದಿನವೂ ಇಲ್ಲ, ದುಡ್ಡೂ ಇಲ್ಲ. ಡಿಸ್ಕನ್ನು ನಕಲು ಮಾಡುವ ಕೆಲಸವನ್ನು ಈಗ ಸಾಫ್ಟ್‌ವೇರೇ ಮಾಡುತ್ತದೆ. ನಕಲಾದ ಯಂತ್ರ ಅಲ್ಲಿ ಎದ್ದು ಕೆಲಸಕ್ಕೆ ನಿಲ್ಲುವಂತೆ ಮಾಡುವುದೇ ಮನುಷ್ಯರ ಕೆಲಸ, ಅದು ಮುಗಿಯಬೇಕಾದ್ದು ಇಲ್ಲಿಂದ ಹೊರಡುವ ಮುನ್ನವೇ.

ಲಿನಕ್ಸ್ ಸರ್ವರನ್ನೇ ತೆಗೆದುಕೊಳ್ಳಿ. ಅದು ಬೂಟ್ ಆಗುವಾಗ ಮೊದಲು ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಕಡತವನ್ನು ಮೆಮೊರಿಗೆ ಎಳೆದುಕೊಳ್ಳುತ್ತದೆ. ಡಿಸ್ಕನ್ನು ಗುರುತಿಸುವ ಡ್ರೈವರ್ ಇರುವುದು ಅದರೊಳಗೆ. ರೆಡ್‌ಹ್ಯಾಟ್, ಸೆಂಟ್‌ಓಎಸ್ ಬಗೆಯ ಲಿನಕ್ಸ್ ಈ ಕಡತವನ್ನು ಕಟ್ಟುವಾಗ ತಾನು ಕೂತಿರುವ ಯಂತ್ರಕ್ಕೆ ಬೇಕಾದ ಡ್ರೈವರುಗಳನ್ನಷ್ಟೇ ತುಂಬುತ್ತದೆ. ಅಂದರೆ ವಿಎಂವೇರ್‌ನವು ಮಾತ್ರ. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನಲ್ಲಿ ಹೈಪರ್-ವಿ ಡ್ರೈವರುಗಳು ಬೇಕು. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನ ನೈಟ್ರೋ ಯಂತ್ರಗಳಲ್ಲಿ ಡಿಸ್ಕಿಗೆ ಎನ್‌ವಿಎಂಇ, ನೆಟ್‌ವರ್ಕಿಗೆ ಇಎನ್‌ಎ ಎಂಬ ಡ್ರೈವರುಗಳು ಬೇಕು. ಇವಿಲ್ಲದೆ ಹೋದ ಯಂತ್ರಕ್ಕೆ ತನ್ನ ರೂಟ್ ಡಿಸ್ಕೇ ಕಾಣುವುದಿಲ್ಲ. ಅದು ಡ್ರಾಕಟ್‌ನ (ಆ ಕಡತವನ್ನು ಕಟ್ಟುವ ಸಾಧನ) ಎಮರ್ಜೆನ್ಸಿ ಶೆಲ್ ಎಂಬ ತುರ್ತು ಪರದೆಯಲ್ಲಿ ನಿಂತುಬಿಡುತ್ತದೆ. ಯಂತ್ರ ಇನ್ನೂ ನಮ್ಮ ಕೋಣೆಯಲ್ಲಿರುವಾಗಲೇ ಡ್ರಾಕಟ್ ಆಜ್ಞೆಗೆ ಈ ಡ್ರೈವರುಗಳ ಹೆಸರು ಕೊಟ್ಟು ಕಡತವನ್ನು ಮತ್ತೆ ಕಟ್ಟುವುದು ಕೆಲವೇ ನಿಮಿಷಗಳ ಕೆಲಸ. ಹೋದ ಮೇಲೆ ಆದರೆ ಡಿಸ್ಕನ್ನು ಬಿಚ್ಚಿ, ಇನ್ನೊಂದು ಯಂತ್ರಕ್ಕೆ ಜೋಡಿಸಿ, ಅಲ್ಲಿಂದ ದುರಸ್ತಿ ಮಾಡಿ, ಮರಳಿ ಕೂರಿಸಬೇಕು. ಸಾಗಣೆಯ ಸಾಫ್ಟ್‌ವೇರ್ ಕೆಲವು ಆವೃತ್ತಿಗಳಿಗೆ ಇದನ್ನು ತಾನೇ ಮಾಡುತ್ತದೆ, ನಿಜ. ಹಳೆಯ ಅಥವಾ ಕೈಯಿಂದ ತಿದ್ದಿದ ಕರ್ನೆಲ್‌ಗೂ (ಲಿನಕ್ಸಿನ ತಿರುಳು) ಮಾಡುತ್ತದೆಂದು ನಂಬಿ ಕೂರಬಾರದು.

ಬೂಟ್ ಆದ ಮಾತ್ರಕ್ಕೆ ಗೆದ್ದಂತಲ್ಲ. ವಿಎಂವೇರ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಸಾಮಾನ್ಯವಾಗಿ ಇಎನ್‌ಎಸ್192. ಕ್ಲೌಡಿನಲ್ಲಿ ಅದು ಇಟಿಎಚ್0 ಅಥವಾ ಇಎನ್‌ಎಸ್5 ಆಗಬಹುದು. ಸಂರಚನೆಯ ಕಡತದಲ್ಲಿ ಹಳೆಯ ಹೆಸರು ಅಥವಾ ಹಳೆಯ ಮ್ಯಾಕ್ ವಿಳಾಸ (ಕಾರ್ಡಿನ ಗುರುತಿನ ಸಂಖ್ಯೆ) ಉಳಿದಿದ್ದರೆ ಯಂತ್ರ ಎದ್ದಿರುತ್ತದೆ, ಆದರೆ ಹೊರಗಿನವರ ಕರೆಗೆ ಓಗೊಡುವುದಿಲ್ಲ. ಆಗ ಒಳಗೆ ಇಣುಕಲು ಇರುವ ಕಿಂಡಿ ಸೀರಿಯಲ್ ಕನ್ಸೋಲ್ ಒಂದೇ. ಅದನ್ನೂ ಬೂಟ್ ಮಾಡಿಸುವ ಗ್ರಬ್‌ನಲ್ಲಿ ಮೊದಲೇ ತೆರೆದಿಟ್ಟಿರಬೇಕು. ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಅವನ್ನು ಎಸ್‌ಡಿಬಿ1 ಎಂಬಂಥ ಹೆಸರಿನಿಂದ ಕರೆಯದೆ ಯುಯುಐಡಿ ಎಂಬ ಬದಲಾಗದ ಗುರುತಿನಿಂದ ಕರೆಯಿರಿ. ಅಲ್ಲಿ ಡಿಸ್ಕುಗಳ ಸರದಿ ಬದಲಾಗಬಹುದು.

ವಿಂಡೋಸ್ ಸರ್ವರಿನ ತೊಂದರೆಗಳು ಬೇರೆ. ಹೊಸ ನೆಟ್‌ವರ್ಕ್ ಕಾರ್ಡ್ ಕಂಡೊಡನೆ ಫೈರ್‌ವಾಲ್ ಪಬ್ಲಿಕ್ ಪ್ರೊಫೈಲಿಗೆ ಜಾರಬಹುದು; ರಿಮೋಟ್ ಡೆಸ್ಕ್‌ಟಾಪ್‌ಗೆ ಆ ಪ್ರೊಫೈಲಿನಲ್ಲಿ ಅನುಮತಿ ಇಲ್ಲದಿದ್ದರೆ ಬಾಗಿಲು ಮುಚ್ಚಿತು. ಎಲ್ಲರ ಪಾಸ್‌ವರ್ಡ್ ಪರಿಶೀಲಿಸುವ ಸರ್ವರಾದ ಡೊಮೇನ್ ಕಂಟ್ರೋಲರ್ ಕೈಗೆ ಸಿಗದಿದ್ದರೆ ಡೊಮೇನ್ ಪಾಸ್‌ವರ್ಡ್ ಕೆಲಸ ಮಾಡದು. ಆದ್ದರಿಂದ ಪ್ರತಿ ಯಂತ್ರದ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಹೊರಡುವ ಮುನ್ನ ಒಮ್ಮೆ ಹಾಕಿ ನೋಡಿರಬೇಕು. ಅಜೂರ್‌ನ ಹಲವು ಗಾತ್ರದ ಯಂತ್ರಗಳಲ್ಲಿ ಡಿ ಡ್ರೈವ್ ತಾತ್ಕಾಲಿಕ ಡಿಸ್ಕು, ಅದರಲ್ಲಿಟ್ಟದ್ದು ಉಳಿಯುವ ಭರವಸೆ ಇಲ್ಲ. ನಿಮ್ಮ ಲೆಕ್ಕದ ತಂತ್ರಾಂಶ ಡಿ ಡ್ರೈವಿನಲ್ಲೇ ಇದ್ದರೆ ಹೊಸದಾಗಿ ಕಂಡ ಡಿಸ್ಕುಗಳನ್ನು ತಾನಾಗಿ ತೆರೆಯಬೇಕೇ ಎಂದು ಹೇಳುವ ಎಸ್‌ಎಎನ್ ಪಾಲಿಸಿಯನ್ನು ಆನ್‌ಲೈನ್‌ಆಲ್‌ಗೆ ಬದಲಿಸಿ, ಪರೀಕ್ಷೆಯಲ್ಲಿ ಡ್ರೈವ್ ಅಕ್ಷರಗಳನ್ನು ತಾಳೆ ನೋಡಿ. ಡೊಮೇನ್ ಕಂಟ್ರೋಲರನ್ನು ಮಾತ್ರ ನಕಲು ಮಾಡಲೇಬೇಡಿ. ಕ್ಲೌಡಿನಲ್ಲಿ ಹೊಸದೊಂದನ್ನು ಕಟ್ಟಿ, ಹಳೆಯದರೊಂದಿಗೆ ಮಾಹಿತಿ ಹೊಂದಾಣಿಕೆ (ರೆಪ್ಲಿಕೇಷನ್) ಆದಮೇಲೆ ಹಳೆಯದನ್ನು ಇಳಿಸುವುದೇ ಸುರಕ್ಷಿತ ದಾರಿ.

ಯಾವುದನ್ನು ಯಾವುದರ ಜೊತೆ ಸಾಗಿಸಬೇಕೆಂಬ ಪಟ್ಟಿ ಇನ್ನೂ ಮುಖ್ಯ. ಒಂದು ಪರದೆ ತೆರೆಯಲು ತಂತ್ರಾಂಶ ಡೇಟಾಬೇಸಿಗೆ ಒಂದರ ಹಿಂದೊಂದು 300 ಪ್ರಶ್ನೆ ಕೇಳುತ್ತದೆ ಎಂದಿಟ್ಟುಕೊಳ್ಳಿ. ಒಂದೇ ಕೋಣೆಯಲ್ಲಿ ಪ್ರತಿ ಪ್ರಶ್ನೆಗೆ ಅರ್ಧ ಮಿಲಿಸೆಕೆಂಡ್ ಆದರೆ ಒಟ್ಟು 0.15 ಸೆಕೆಂಡ್, ಯಾರಿಗೂ ಗೊತ್ತಾಗದು. ಡೇಟಾಬೇಸ್ ಮಾತ್ರ ಮುಂಬೈಯಲ್ಲಿರುವ ಕ್ಲೌಡಿಗೆ ಹೋಗಿ, ಹೋಗಿಬರಲು 20 ಮಿಲಿಸೆಕೆಂಡ್ ಹಿಡಿದರೆ ಅದೇ ಪರದೆಗೆ 6 ಸೆಕೆಂಡ್. ಕೌಂಟರಿನ ಮುಂದಿನ ಸಾಲು ಅಂದೇ ಬೆಳೆಯುತ್ತದೆ. ಇವೆರಡೂ ಒಂದೇ ರಾತ್ರಿ ಒಟ್ಟಿಗೆ ಹೋಗಬೇಕು. ಪಾಸ್‌ಬುಕ್ ಪ್ರಿಂಟರ್ ಇರುವ ಕಂಪ್ಯೂಟರ್, ಬಯೊಮೆಟ್ರಿಕ್ ಹಾಜರಿ ಯಂತ್ರ ಇವುಗಳಲ್ಲಿ ಸರ್ವರಿನ ಐಪಿ ವಿಳಾಸವನ್ನು ನೇರವಾಗಿ ಬರೆದಿಟ್ಟಿರುತ್ತಾರೆ; ಅವನ್ನೂ ಪಟ್ಟಿಗೆ ಸೇರಿಸಿ. ಸರ್ವರಿನ ಬಳಕೆಯನ್ನು ಕನಿಷ್ಠ 30 ದಿನ ಅಳೆಯಿರಿ, ಆ ಅವಧಿಯಲ್ಲಿ ತಿಂಗಳ ಕೊನೆ ಬರಲೇಬೇಕು. ಸಾಧ್ಯವಾದರೆ ಮಾರ್ಚ್ 31ರ ಲೆಕ್ಕವನ್ನೂ ಕಾಲೇಜಾದರೆ ಪ್ರವೇಶದ ವಾರವನ್ನೂ ನೋಡಿ. 8 ಸಿಪಿಯು ಕೊಟ್ಟ ಯಂತ್ರ ವರ್ಷವಿಡೀ ಎರಡರಷ್ಟೂ ಬಳಸದಿದ್ದರೆ ಎಂಟಕ್ಕೆ ಪ್ರತಿ ತಿಂಗಳು ಬಾಡಿಗೆ ಕಟ್ಟುವುದು ಸಾರ್ವಜನಿಕರ ಹಣದ ಪೋಲು.

ಇನ್ನು ಡೇಟಾ ಸಾಗಿಸುವ ಲೆಕ್ಕ. 6 ಟೆರಾಬೈಟ್ ಡೇಟಾ 100 ಎಂಬಿಪಿಎಸ್ ಲೈನಿನಲ್ಲಿ ಪೂರ್ಣ ವೇಗದಲ್ಲಿ ಹೋದರೂ ಐದೂವರೆ ದಿನ. ಕಚೇರಿಯ ಕೆಲಸಕ್ಕೂ ಅದೇ ಲೈನಾದರೆ ಒಂಬತ್ತು-ಹತ್ತು ದಿನ ಹಿಡಿಯಿರಿ. ಈ ನಡುವೆ ಬದಲಾದ ಭಾಗವೂ ಹೋಗುತ್ತಲೇ ಇರಬೇಕು. ಇಲ್ಲಿ ಎಲ್ಲರೂ ಎಡವುವುದು ಬ್ಯಾಕಪ್ಪಿನಲ್ಲಿ. ಡೇಟಾಬೇಸ್ ಸರ್ವರ್ ಪ್ರತಿ ರಾತ್ರಿ 200 ಗಿಗಾಬೈಟ್ ಬ್ಯಾಕಪ್ಪನ್ನು ತನ್ನದೇ ಡಿಸ್ಕಿಗೆ ಬರೆಯುತ್ತಿದ್ದರೆ ಅದೂ ಬದಲಾವಣೆಯೆಂದೇ ಲೆಕ್ಕ. ಲೈನು ಪೂರ್ತಿ ಖಾಲಿ ಇದ್ದರೂ ದಿನಕ್ಕೆ ನಾಲ್ಕೂವರೆ ಗಂಟೆ ಅದಕ್ಕೇ ಹೋಯಿತು. ಬ್ಯಾಕಪ್ಪನ್ನು ಮೊದಲು ಬೇರೆ ಪೆಟ್ಟಿಗೆಗೆ ತಿರುಗಿಸಿ. ವರ್ಷಗಟ್ಟಲೆ ಬಿದ್ದಿರುವ ಸ್ನ್ಯಾಪ್‌ಶಾಟ್‌ಗಳನ್ನು (ವಿಎಂನ ಹಿಂದಿನ ಸ್ಥಿತಿಯ ಪ್ರತಿಗಳು) ಅಳಿಸಿ. ಸರ್ವರಿನ ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ಟಿಟಿಎಲ್, ಅಂದರೆ ಹಳೆಯ ವಿಳಾಸವನ್ನು ಇತರರು ನೆನಪಿಡುವ ಅವಧಿಯನ್ನು ಎರಡು ದಿನ ಮುಂಚೆಯೇ 300 ಸೆಕೆಂಡಿಗೆ ಇಳಿಸಿ.

ನಮ್ಮ ನಾಡಿಗೇ ಸೇರಿದ ತೊಡಕೂ ಒಂದಿದೆ. ಹಳೆಯ ತಂತ್ರಾಂಶಗಳಲ್ಲಿ ಸದಸ್ಯರ ಹೆಸರು, ಊರು, ಸರ್ವೆ ವಿವರಗಳು ನುಡಿ ಅಥವಾ ಬರಹದ ಹಳೆಯ ಫಾಂಟ್ ಸಂಕೇತದಲ್ಲಿವೆ, ಯೂನಿಕೋಡ್‌ನಲ್ಲಿಲ್ಲ. ವಿಎಂ ಇದ್ದಂತೆಯೇ ಹೋದರೆ ಅಕ್ಷರಗಳಿಗೆ ಏನೂ ಆಗದು. ಹೇಗೂ ಹೋಗುತ್ತಿದ್ದೇವೆ ಎಂದು ಅದೇ ರಾತ್ರಿ ಕ್ಲೌಡ್ ಕಂಪನಿಯೇ ನಿರ್ವಹಿಸುವ ಡೇಟಾಬೇಸಿಗೂ ಬದಲಾಯಿಸಲು ಹೋದರೆ, ಆ ಬೈಟುಗಳನ್ನು ಯೂನಿಕೋಡಿನ ರೂಪವಾದ ಯುಟಿಎಫ್-8 ಎಂದು ಓದಿ ಒತ್ತಕ್ಷರಗಳ ಜಾಗದಲ್ಲಿ ಪ್ರಶ್ನೆಚಿಹ್ನೆಗಳು ಕೂರಬಹುದು. ಹಾಗೆ ಬರೆದು ಉಳಿಸಿದ ಮೇಲೆ ಮೂಲ ಅಕ್ಷರ ಮರಳಿ ಸಿಗದು. ಕ್ಷ, ಜ್ಞ, ಅರ್ಕಾವೊತ್ತು ಇರುವ ಹೆಸರುಗಳನ್ನು ಆರಿಸಿ ಹತ್ತು ದಾಖಲೆಗಳನ್ನು ಮೊದಲೇ ಮುದ್ರಿಸಿಟ್ಟುಕೊಂಡು, ಆಮೇಲಿನ ಮುದ್ರಣದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಯೂನಿಕೋಡ್‌ಗೆ ಬದಲಾಗುವುದು ಬೇಕೇಬೇಕು, ಆದರೆ ಅದು ಬೇರೆ ದಿನದ ಕೆಲಸ. ಇಂಥ ಡೇಟಾಬೇಸ್ ಸೇವೆಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಇರುವುದರಿಂದ, ಮಧ್ಯರಾತ್ರಿ ಕಳೆದು ಬೆಳಗಿನ 5.30ರವರೆಗೆ ನಡೆದ ವಹಿವಾಟಿಗೆ ಹಿಂದಿನ ದಿನದ ತಾರೀಖು ಬೀಳುವುದನ್ನೂ ಗಮನಿಸಬೇಕು.

ಮ್ಯಾಕ್ ವಿಳಾಸಕ್ಕೋ ಯುಎಸ್‌ಬಿ ಡಾಂಗಲ್‌ಗೋ ಕಟ್ಟಿದ ಲೈಸೆನ್ಸ್ ಇದ್ದರೆ ಮಾರಿದವರಿಂದ ಹೊಸ ಕೀಲಿಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಡಾಂಗಲ್ ಕ್ಲೌಡಿಗೆ ಹೋಗುವುದಿಲ್ಲ.

ಟೆಂಡರ್ ಬರೆಯುವವರಲ್ಲಿ ನಮ್ಮ ಕೋರಿಕೆ ಇದು: ಸಿದ್ಧತೆ, ಪರೀಕ್ಷಾ ಬೂಟ್, ಅಂತಿಮ ಸಾಗಣೆ, ಈ ಮೂರಕ್ಕೂ ಬೇರೆ ಬೇರೆ ದಿನಾಂಕ, ಬೇರೆ ಬೇರೆ ಪಾವತಿ ಇರಲಿ. ಪರೀಕ್ಷಾ ಬೂಟ್ ಹೊರಗಿನ ಸಂಪರ್ಕವೇ ಇಲ್ಲದ ಪ್ರತ್ಯೇಕ ನೆಟ್‌ವರ್ಕಿನಲ್ಲಿ ಆಗಬೇಕು. ಇಲ್ಲದಿದ್ದರೆ ಎದ್ದ ನಕಲು ತನ್ನ ವೇಳಾಪಟ್ಟಿಯ ಕೆಲಸ ಶುರು ಮಾಡಿ, ಕಂತು ಬಾಕಿಯ ಎಸ್‌ಎಂಎಸ್ ಅನ್ನು ಸದಸ್ಯರಿಗೆ ಎರಡೆರಡು ಸಲ ಕಳಿಸುತ್ತದೆ. ನಕಲು ಸರಿಯಿದೆ ಎಂದು ಸಹಿ ಹಾಕಬೇಕಾದವರು ಗುತ್ತಿಗೆದಾರರಲ್ಲ, ದಿನವೂ ಆ ತಂತ್ರಾಂಶ ಬಳಸುವ ಗುಮಾಸ್ತರು. ಹಳೆಯ ಸರ್ವರನ್ನು ಮಾರನೇ ದಿನವೇ ವಿನಿಮಯಕ್ಕೆ ಕೊಡಬೇಡಿ; ಕನಿಷ್ಠ ಒಂದು ತಿಂಗಳ ಕೊನೆಯ ಲೆಕ್ಕ ಹೊಸ ಜಾಗದಲ್ಲಿ ಮುಗಿಯುವವರೆಗೆ ಆಫ್ ಮಾಡಿ ಇಟ್ಟಿರಿ. ಅದನ್ನು ಅಳಿಸುವ ಮುನ್ನ ಲಾಗ್‌ಗಳನ್ನು (ಸರ್ವರಿನ ಚಟುವಟಿಕೆಯ ದಾಖಲೆಗಳು) ಬೇರೆಡೆ ತೆಗೆದಿಡಿ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಂತೆ 180 ದಿನಗಳ ಲಾಗ್ ಇಟ್ಟುಕೊಂಡಿರಬೇಕು, ಸರ್ವರ್ ಬದಲಾಯಿತೆಂಬುದು ಅದಕ್ಕೆ ವಿನಾಯಿತಿಯಲ್ಲ.

– ಸರ್ವರ್ ನಿರ್ವಹಣೆಯ ವೃತ್ತಿನಿರತರು, ಹುಬ್ಬಳ್ಳಿ