ಜಿಲ್ಲಾಸ್ಪತ್ರೆಗಳಲ್ಲಿ ಇಇಜಿ ಪರೀಕ್ಷೆ ಸಿಗಲಿ

ಮಾನ್ಯರೇ,

ಪಾಠದ ನಡುವೆ ಹತ್ತು–ಹದಿನೈದು ಸೆಕೆಂಡು ಸುಮ್ಮನೆ ದಿಟ್ಟಿಸಿ ಕೂರುವ ಮಕ್ಕಳನ್ನು ‘ಗಮನವಿಲ್ಲ’ ಎಂದು ಗದರಿಸುತ್ತೇವೆ. ಅವರಲ್ಲಿ ಕೆಲವರಿಗೆ ಇರುವುದು ಅಪಸ್ಮಾರದ ಒಂದು ಬಗೆ ಎಂಬುದು ಪೋಷಕರಿಗಾಗಲೀ ಶಿಕ್ಷಕರಿಗಾಗಲೀ ಹೊಳೆಯುವುದೇ ಇಲ್ಲ. ಮೂರ್ಛೆರೋಗವೆಂದರೆ ನೆಲಕ್ಕೆ ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ ಬರುವುದು ಎಂದಷ್ಟೇ ತಿಳಿದಿದ್ದೇವೆ. ಈ ಮಕ್ಕಳು ಬೀಳುವುದಿಲ್ಲ. ಕ್ಷಣಕಾಲ ಅರಿವು ತಪ್ಪಿ, ಏನೂ ಆಗದವರಂತೆ ಮತ್ತೆ ಬರೆಯತೊಡಗುತ್ತಾರೆ. ದಿನಕ್ಕೆ ಹಲವು ಬಾರಿ ಹೀಗಾದರೆ ಪಾಠ ತಲೆಗೆ ಹತ್ತುವುದಾದರೂ ಹೇಗೆ?

ಇದನ್ನು ಗುರುತಿಸಲು ಸಾಮಾನ್ಯವಾಗಿ ದುಬಾರಿ ಸ್ಕ್ಯಾನ್ ಬೇಕಾಗುವುದಿಲ್ಲ. ತಲೆಯ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ನೋವಿಲ್ಲ. ಮಗುವಿಗೆ ಕೆಲವು ನಿಮಿಷ ಜೋರಾಗಿ ಉಸಿರಾಡಲು ಹೇಳಿದಾಗ, ಮೊನಚಾದ ಅಲೆ ಮತ್ತು ಅದರ ಬೆನ್ನಿಗೆ ನಿಧಾನ ಅಲೆ, ಸೆಕೆಂಡಿಗೆ ಸುಮಾರು 3 ಜೋಡಿಗಳಂತೆ ಮೂಡುತ್ತವೆ. ಸರಿಯಾದ ಮಾತ್ರೆ ಕೊಟ್ಟರೆ ಬಹುತೇಕ ಮಕ್ಕಳಲ್ಲಿ ರೋಗ ಹತೋಟಿಗೆ ಬರುತ್ತದೆ. ಆದರೆ ಒಮ್ಮೆ ಇಇಜಿ ಸಹಜವಾಗಿ ಬಂದ ಮಾತ್ರಕ್ಕೆ ಅಪಸ್ಮಾರ ಇಲ್ಲವೆಂದು ಹೇಳಲಾಗದು. ಅಲೆಗಳನ್ನು ಓದಬಲ್ಲ ತಜ್ಞರು ಬೇಕೇ ಬೇಕು.

ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ 2022ರಲ್ಲಿ ಆರಂಭವಾಗಿದೆ. ಅದರಡಿ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇಇಜಿ ಯಂತ್ರ ಹಾಗೂ ತರಬೇತಾದ ತಂತ್ರಜ್ಞರು ಇರುವಂತೆ ನೋಡಿಕೊಂಡು, ದಾಖಲಾದ ಅಲೆಗಳನ್ನು ನರರೋಗ ತಜ್ಞರು ದೂರದಿಂದಲೇ ಓದುವ ವ್ಯವಸ್ಥೆಯನ್ನು ಸರ್ಕಾರ ಕಲ್ಪಿಸಬೇಕು. ಶಾಲಾ ಆರೋಗ್ಯ ತಪಾಸಣೆಯಲ್ಲಿ ಈ ಲಕ್ಷಣದ ಬಗ್ಗೆಯೂ ಶಿಕ್ಷಕರನ್ನು ವಿಚಾರಿಸುವಂತಾಗಲಿ.

– ನಿವೃತ್ತ ಶಿಕ್ಷಕಿ, ಹಾವೇರಿ